ಅವುಡುಗಚ್ಚಿ ಕೆಲಸ ಮಾಡುವ ನಾವು

ಇವತ್ತಿನ ಸಂಚಿಕೆ ಒಂದು ಪ್ರಶ್ನೆಯಿಂದ ಶುರು ಮಾಡೋಣ. ಈ ಕ್ಷಣ ನಿಮ್ಮ ಮೇಲಿನ ಹಲ್ಲು, ಕೆಳಗಿನ ಹಲ್ಲು ಒಂದಕ್ಕೊಂದು ತಾಗಿವೆಯಾ? ಸರಿಮಾಡಿಕೊಳ್ಳಬೇಡಿ, ಸುಮ್ಮನೆ ಗಮನಿಸಿ.

ದವಡೆ ವಿಶ್ರಾಂತಿಯಲ್ಲಿದ್ದಾಗ ತುಟಿ ಮುಚ್ಚಿದ್ದರೂ ಹಲ್ಲುಗಳ ನಡುವೆ ಸುಮಾರು 2ರಿಂದ 3 ಮಿಲಿಮೀಟರ್ ಜಾಗ ಇರುತ್ತೆ. ಅವು ತಾಗಬೇಕಾದ್ದು ಮುಖ್ಯವಾಗಿ ಅಗಿಯುವಾಗ, ನುಂಗುವಾಗ. ಇಮೇಲ್ ಓದೋಕೆ ಹಲ್ಲು ಬೇಕಾಗಿಲ್ಲ ಅಲ್ವಾ?

ನಮಗೆ ಇದು ಗೊತ್ತಾಗಿದ್ದು ಜರ್ಮನಿಯಲ್ಲಿ ಪೋಸ್ಟ್‌ಡಾಕ್ ಮಾಡುತ್ತಿದ್ದಾಗ. ಒಪ್ಪಂದ ಮುಗಿಯುತ್ತಾ ಬಂದಿತ್ತು, ವೀಸಾ ಅದಕ್ಕೇ ಅಂಟಿಕೊಂಡಿತ್ತು. ಭಾನುವಾರ ಊರಿಗೆ ಫೋನ್ ಮಾಡಿದಾಗ ಮಾತ್ರ "ಎಲ್ಲಾ ಆರಾಮ ಅಮ್ಮ" ಅನ್ನುತ್ತಿದ್ದೆವು. ಹಾಗಂತ ನಾವೂ ನಂಬಿದ್ದೆವು. ಒಂದು ದಿನ ಹಲ್ಲಿನ ವೈದ್ಯರು ಬಾಯೊಳಗೆ ನೋಡಿದರು. ದವಡೆ ಹಲ್ಲುಗಳ ತುದಿ ಸವೆದಿತ್ತು, ಕೆನ್ನೆಯ ಒಳಗೆ ಹಲ್ಲಿನ ಸಾಲಿನ ಉದ್ದಕ್ಕೂ ಬಿಳಿ ಗೆರೆ ಮೂಡಿತ್ತು. ಅವರು ಕೇಳಿದ್ದು ಒಂದೇ ಮಾತು: "ಕೆಲಸ ಹೇಗಿದೆ?"

ಇದಕ್ಕೆ ಬ್ರಕ್ಸಿಸಮ್ ಅಂತ ಹೆಸರು. ಎಚ್ಚರದಲ್ಲಿ ಅವುಡುಗಚ್ಚುವುದು ಒಂದು ಬಗೆ, ನಿದ್ದೆಯಲ್ಲಿ ಹಲ್ಲು ಕಡಿಯುವುದು ಇನ್ನೊಂದು. ಕಷ್ಟ ಸಹಿಸೋದಕ್ಕೆ ಕನ್ನಡದಲ್ಲಿ "ಅವುಡುಗಚ್ಚಿ" ಅಂತಲೇ ಹೇಳುತ್ತೇವೆ, ನೋಡಿ. ಬೆದರಿಕೆ ಎದುರಾದಾಗ ಮೆದುಳು ದೇಹವನ್ನು ಸಜ್ಜು ಮಾಡುತ್ತೆ: ಎದೆಬಡಿತ ಏರುತ್ತೆ, ಸ್ನಾಯುಗಳು ಬಿಗಿಯುತ್ತವೆ. ಕೆನ್ನೆಯ ಮ್ಯಾಸೆಟರ್ ಸ್ನಾಯುವೂ ಅವುಗಳಲ್ಲೊಂದು. ಹುಲಿ ಬಂದರೆ ಓಡಿ ಆ ಬಿಗಿ ಕಳೆಯಬಹುದು. ಡೆಡ್‌ಲೈನ್ ಬಂದರೆ ಕುರ್ಚಿಯಲ್ಲೇ ಕೂತಿರುತ್ತೇವೆ, ಬಿಗಿ ಹಾಗೇ ಉಳಿಯುತ್ತೆ.

ಕೋವಿಡ್ ಕಾಲದಲ್ಲಿ ಇದು ದೊಡ್ಡ ಪ್ರಮಾಣದಲ್ಲೇ ಕಂಡಿತು. 2021ರ ಆರಂಭದಲ್ಲಿ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ನಡೆಸಿದ ಸಮೀಕ್ಷೆಯಲ್ಲಿ, 70%ಕ್ಕಿಂತ ಹೆಚ್ಚು ದಂತವೈದ್ಯರು ಹಲ್ಲು ಕಡಿಯುವ, ಬಿಗಿಹಿಡಿಯುವ ರೋಗಿಗಳು ಹೆಚ್ಚಾಗಿದ್ದಾರೆ ಎಂದರು.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಹಲ್ಲು ಸವೆದಿದೆ ಅಂದ ಮಾತ್ರಕ್ಕೆ ಒತ್ತಡವೇ ಕಾರಣ ಎನ್ನಲಾಗದು. ಹುಳಿ ಪಾನೀಯಗಳೂ, ಆಸಿಡಿಟಿಯೂ ಹಲ್ಲು ಸವೆಸುತ್ತವೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ದವಡೆ ಬಿಗಿಸಬಹುದು. ಮಾನಸಿಕ ಒತ್ತಡದ ನಂಟು ಎಚ್ಚರದ ಅಭ್ಯಾಸದಲ್ಲಿ ಹೆಚ್ಚು ಸ್ಪಷ್ಟ, ನಿದ್ದೆಯದರಲ್ಲಿ ಅಷ್ಟಿಲ್ಲ. ಹಾಗಾಗಿ ಪಕ್ಕದ ಸಹೋದ್ಯೋಗಿಯ ದವಡೆ ನೋಡಿ ತೀರ್ಪು ಕೊಡೋಕೆ ಹೋಗಬೇಡಿ. ಇದು ನಮ್ಮನ್ನು ನಾವೇ ಕೇಳಿಕೊಳ್ಳೋ ಪ್ರಶ್ನೆ.

ಸಂಶೋಧಕರು ಬಳಸುವ ಒಂದು ವಿಧಾನ ನಮಗೂ ಸುಲಭ. ಫೋನಿನಲ್ಲಿ ದಿನಕ್ಕೆ ಏಳೆಂಟು ಸಲ ಅಲಾರಂ ಇಡಿ. ಸದ್ದಾದಾಗ ಎರಡೇ ಸಂಗತಿ ಬರೆದುಕೊಳ್ಳಿ: ಹಲ್ಲು ತಾಗಿತ್ತಾ, ಆಗ ಏನು ಮಾಡುತ್ತಿದ್ದೆ. ಒಂದು ವಾರದ ನಂತರ ಓದಿ. ನಮ್ಮ ಪಟ್ಟಿಯಲ್ಲಿ ಪ್ರಯೋಗ ಮಾಡುವಾಗ ದವಡೆ ಸಡಿಲವಾಗಿತ್ತು. ಒಪ್ಪಂದದ ಬಗ್ಗೆ ಇಮೇಲ್ ಬರೆಯುವಾಗಲೆಲ್ಲ ಬಿಗಿಯಾಗಿತ್ತು. ಕೆಲಸದಲ್ಲಿ ಸುಸ್ತು ಅಂದುಕೊಂಡಿದ್ದೆವು, ನಿಜಕ್ಕೂ ಇದ್ದದ್ದು ಭಯ. ಅದು ತಿಳಿದ ಮೇಲೆ ಮೇಲ್ವಿಚಾರಕರ ಜೊತೆ ನೇರವಾಗಿ ಮಾತಾಡಿದೆವು, ಅಮ್ಮನ ಜೊತೆಗೂ.

ಬೆಳಗ್ಗೆ ದವಡೆ ನೋವು, ತಲೆನೋವು ಇದ್ದರೆ, ಬಾಯಿ ತೆರೆಯೋಕೆ ಕಷ್ಟವಾದರೆ ದಂತವೈದ್ಯರನ್ನು ಕಾಣಿ. ಅವರು ಕೊಡುವ ಗಾರ್ಡ್ ಹಲ್ಲನ್ನು ಕಾಪಾಡುತ್ತೆ. ಕಾರಣವನ್ನು ನಾವೇ ಹುಡುಕಬೇಕು.

ಅಂದಹಾಗೆ, ಈಗ ನಿಮ್ಮ ಹಲ್ಲುಗಳು ಎಲ್ಲಿವೆ? ಮುಂದಿನ ಸಂಚಿಕೆಯಲ್ಲಿ ಸಿಗೋಣ.