ಬಚ್ಚಲ ಸೋರಿಕೆ: ಫರ್ಸಿ ಕೀಳುವ ಮೊದಲು ನೋಡಬೇಕಾದದ್ದು

ಮಗುವಿನ ಕೆಮ್ಮು, ನೆಗಡಿ ಔಷಧಿಗೆ ಬಗ್ಗುತ್ತಿಲ್ಲವೆಂದು ದವಾಖಾನೆಗೆ ಬರುವ ತಾಯಂದಿರಿಗೆ ನಾನು ಒಂದು ಪ್ರಶ್ನೆ ಕೇಳುತ್ತೇನೆ: ಮಗು ಮಲಗುವ ಕೋಣೆಯ ಗೋಡೆಯ ಆಚೆಗೆ ಏನಿದೆ? ಬಚ್ಚಲಿದೆ ಎಂಬ ಉತ್ತರ ಎಷ್ಟೋ ಸಲ ಬರುತ್ತದೆ. ಆ ಗೋಡೆಯ ಬುಡದಲ್ಲಿ ಸುಣ್ಣ ಉದುರುತ್ತಿರುತ್ತದೆ. ಅದಕ್ಕೆ ಒರಗಿಸಿಟ್ಟ ಹಾಸಿಗೆ, ಕೌದಿಗಳಿಗೆ ಮುಗ್ಗಲು ವಾಸನೆ ಬಂದಿರುತ್ತದೆ. ಆರೋಗ್ಯಕ್ಕೆ ಅನಿವಾರ್ಯವೆಂದು ಯುನಾನಿ ಶಾಸ್ತ್ರ ಹೇಳುವ ಆರು ಸಂಗತಿಗಳಲ್ಲಿ ಮೊದಲನೆಯದು ಗಾಳಿ. ತೇವದ ಗೋಡೆಯಲ್ಲಿ ಬೆಳೆಯುವ ಬೂಷ್ಟು ಕೋಣೆಯ ಗಾಳಿಯಲ್ಲಿ ಬೆರೆಯುತ್ತದೆ. ದಮ್ಮು, ಅಲರ್ಜಿ ಇದ್ದವರಿಗೆ ಅದು ನೇರ ತೊಂದರೆ. ಅಂಥ ಕೋಣೆಯಲ್ಲಿ ಮಲಗಿಸಿ ಜೋಶಾಂದಾ ಕುಡಿಸುತ್ತಿದ್ದರೆ ಪ್ರಯೋಜನ ಕಡಿಮೆ.

ವಾಸನೆ ಹೋಗಲೆಂದು ನಮ್ಮ ಮನೆಗಳಲ್ಲಿ ಲೋಬಾನ ಹಾಕುತ್ತಾರೆ. ಪರಿಮಳ ಒಳ್ಳೆಯದೇ, ಆದರೆ ಹೊಗೆಯಿಂದ ಗೋಡೆ ಒಣಗುವುದಿಲ್ಲ. ದಮ್ಮಿನ ಮಗುವಿಗೆ ಆ ಹೊಗೆಯೇ ಇನ್ನೊಂದು ಕಾಟ. ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ.

ಸುಮ್ಮನೆ ತೊಟ್ಟಿಕ್ಕುವ ನಳವನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಔಷಧಿ ಅಳೆಯುವ ನಮ್ಮ ಲೆಕ್ಕದಲ್ಲಿ ಸುಮಾರು 20 ಹನಿ ಸೇರಿದರೆ ಒಂದು ಮಿಲಿಲೀಟರ್. ಸೆಕೆಂಡಿಗೆ ಒಂದು ಹನಿಯಂತೆ ಬಿದ್ದರೆ ದಿನಕ್ಕೆ 86,400 ಹನಿ, ಅಂದರೆ ನಾಲ್ಕು ಲೀಟರ್ ದಾಟುತ್ತದೆ. ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ, ಒಂದು ಸಾಅ್‌ನಿಂದ ಐದು ಮುದ್ದ್‌ವರೆಗಿನ ನೀರಿನಲ್ಲಿ ಗುಸ್ಲ್ ಮಾಡುತ್ತಿದ್ದರೆಂದು ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿದೆ. ಮುದ್ದ್ ಎಂದರೆ ಎರಡು ಅಂಗೈ ಜೋಡಿಸಿ ಹಿಡಿಯುವಷ್ಟು. ಅಂಥ ನಾಲ್ಕು ಸೇರಿದರೆ ಒಂದು ಸಾಅ್, ಸುಮಾರು ಎರಡೂವರೆಯಿಂದ ಮೂರು ಲೀಟರ್. ಅಂದರೆ ಗುಸ್ಲ್‌ಗೆ ಸಾಲುವಷ್ಟು ನೀರು ನಿಮ್ಮ ನಳದಿಂದ ದಿನವೂ ಯಾರ ಮೈಗೂ ತಾಗದೆ ಮೋರಿಗೆ ಹೋಗುತ್ತಿದೆ. ಅಫಜಲಪುರ, ಜೇವರ್ಗಿಯವರಿಗೆ ಭೀಮೆ ಹತ್ತಿರವಿರಬಹುದು. ಹರಿಯುವ ನದಿಯ ದಂಡೆಯಲ್ಲಿ ವುಝೂ ಮಾಡುವಾಗಲೂ ಇಸ್ರಾಫ್ ಸಲ್ಲದೆಂಬ ಪಾಠವನ್ನು ನಾವೆಲ್ಲ ಮದ್ರಸಾದಲ್ಲೇ ಕೇಳಿದ್ದೇವೆ.

ಈಗ ಹುಡುಕುವ ಬಗೆ. ಸ್ನಾನದ ಟಬ್ಬು ನಮ್ಮ ಕಡೆ ಅಪರೂಪ. ಬಚ್ಚಲ ಮೂಲೆಯ ಸಿಮೆಂಟಿನ ಹೌಜ್ ಮಾತ್ರ ಆಳಂದದ ಹಳೆಯ ಮನೆಗಳಿಂದ ಹಿಡಿದು ಹೊಸ ಬಡಾವಣೆಗಳವರೆಗೂ ಕಾಣಸಿಗುತ್ತದೆ. ಇಶಾ ನಮಾಝ್ ಆದಮೇಲೆ ಹೌಜ್ ತುಂಬಿಸಿ, ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಅದಕ್ಕೆ ನೀರು ಬಿಡುವ ನಳ ಪೂರ್ತಿ ನಿಂತಿರಲಿ. ಫಜ್ರ್‌ಗೆ ಎದ್ದಾಗ ನೀರು ಮುಟ್ಟುವ ಮೊದಲೇ ನೋಡಿ. ಮಟ್ಟ ಕೂದಲೆಳೆಯಷ್ಟು ಇಳಿದಿದ್ದರೆ ಆವಿಯಾಗಿರಬಹುದು. ಬೆರಳಗಲ ಇಳಿದಿದ್ದರೆ ಹೌಜ್ ಸೋರುತ್ತಿದೆ. ಮೂರಡಿ ಉದ್ದ, ಎರಡಡಿ ಅಗಲದ ಹೌಜಿನಲ್ಲಿ ಒಂದು ಸೆಂಟಿಮೀಟರ್ ಇಳಿದರೂ ಐದು ಲೀಟರಿಗಿಂತ ಹೆಚ್ಚು ನೀರು ಗೋಡೆ ಅಥವಾ ಪಾಯದೊಳಗೆ ಹೋಗಿದೆ ಎಂದರ್ಥ.

ಹೌಜ್ ಸರಿಯಿದ್ದರೆ ಪೈಪು ನೋಡಬೇಕು. ಮೇಲಿನ ಟ್ಯಾಂಕಿಗೂ ಇದೇ ಗೆರೆಯ ಉಪಾಯ ನಡೆಯುತ್ತದೆ. ಒಂದು ರಾತ್ರಿ ಎಲ್ಲ ನಳ ನಿಲ್ಲಿಸಿ, ಟ್ಯಾಂಕಿನ ಕೆಳಗಿನ ವಾಲ್ವ್ ತೆರೆದಿಡಿ. ಮರುರಾತ್ರಿ ಅದನ್ನೂ ಮುಚ್ಚಿ. ತೆರೆದ ರಾತ್ರಿ ಮಾತ್ರ ಮಟ್ಟ ಇಳಿದರೆ ಪೈಪು, ನಳ, ಫ್ಲಶ್ ಇವುಗಳಲ್ಲಿ ಎಲ್ಲೋ ಸೋರಿಕೆಯಿದೆ. ಎರಡೂ ರಾತ್ರಿ ಇಳಿದರೆ ಟ್ಯಾಂಕೇ ಸೋರುತ್ತಿರಬಹುದು, ಇಲ್ಲವೇ ಆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ.

ಎರಡೂ ರಾತ್ರಿ ಇಳಿಯದೆ, ಸ್ನಾನ ಮಾಡಿದ ದಿನ ಮಾತ್ರ ಗೋಡೆ ಹಸಿಯಾಗುತ್ತಿದ್ದರೆ ದೋಷ ನೆಲದಲ್ಲೋ ಮೋರಿಯಲ್ಲೋ ಇದೆ. ನೀರು ಹೋಗುವ ಜಾಲಿಯ ಬಾಯಿಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಬಟ್ಟೆ ತುರುಕಿ. ಬಟ್ಟೆಗೆ ಹಾಕುವ ನೀಲಿಯನ್ನು ಕೆಲವೇ ಹನಿ ಬೆರೆಸಿ, ಒಂದು ಬೆರಳು ದಪ್ಪ ನೀರು ನಿಲ್ಲಿಸಿ, ಎರಡು ತಾಸು ಬಿಡಿ. ನೀರು ಇಳಿದರೆ, ಅಥವಾ ಆಚೆ ಗೋಡೆಯ ಬುಡದಲ್ಲಿ ನೀಲಿ ಕಂಡರೆ ಫರ್ಸಿಯ ಸಂದು ಬಿಟ್ಟಿದೆ. ನೆಲ ಗಟ್ಟಿಯಿದ್ದರೆ ಇನ್ನೊಂದು ದಿನ ನೀಲಿ ನೀರನ್ನು ಜಾಲಿಯೊಳಗೇ ಸುರಿದು ನೋಡಿ.

ನಮ್ಮ ಭಾಗದ ಬಚ್ಚಲುಗಳಿಗೆ ಹಾಸುವುದು ಹೆಚ್ಚಾಗಿ ಶಹಾಬಾದ್ ಕಲ್ಲು. ಕಲ್ಲು ಗಟ್ಟಿ, ಸೋಲುವುದು ಸಂದು. ಅದರಲ್ಲೂ ನೆಲ ಮತ್ತು ಗೋಡೆ ಕೂಡುವ ಮೂಲೆ. ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಮನೆಯನ್ನೂ ಅಲುಗಿಸುತ್ತದೆ. ಬಚ್ಚಲ ನೀರು ಪಾಯಕ್ಕೆ ಇಳಿದರೆ ಅಲ್ಲೊಂದು ಕಡೆ ಮಾತ್ರ ಮಣ್ಣು ವರ್ಷವಿಡೀ ಉಬ್ಬಿರುತ್ತದೆ, ಮೇಲೆ ಗೋಡೆ ಬಿರುಕು ಬಿಡುತ್ತದೆ. ಆದ್ದರಿಂದ ಸಂದಿಯ ಸಡಿಲ ಸಿಮೆಂಟನ್ನು ಕೆರೆದು ತೆಗೆದು, ಎರಡು ಮೂರು ದಿನ ಬಚ್ಚಲು ಬಳಸದೆ ಪೂರ್ತಿ ಒಣಗಿಸಿ, ಆಮೇಲೆ ಟೈಲ್ಸ್ ಸಂದಿಗೆ ತುಂಬುವ ಗ್ರೌಟ್ ತುಂಬಿ. ಮೂಲೆಗೆ ಮಾತ್ರ ಸಿಲಿಕಾನ್ ಹಾಕಿ. ಅದು ರಬ್ಬರಿನಂತೆ ಬಾಗುತ್ತದೆ, ಗಟ್ಟಿ ಸಿಮೆಂಟು ಮತ್ತೆ ಬಿರಿಯುತ್ತದೆ. ಹಸಿ ಸಂದಿನ ಮೇಲೆ ಬಳಿದ ಯಾವುದೂ ಹಿಡಿಯುವುದಿಲ್ಲ. ಅವಸರ ಮಾಡುವ ಗೌಂಡಿಗೂ ಇದನ್ನು ಹೇಳಿ.

ನಳದ ಕೆಲಸ ಸುಲಭ. ನೀರು ಬರುವ ವಾಲ್ವ್ ಮುಚ್ಚಿ, ನಳ ತೆರೆದು ಉಳಿದ ನೀರು ಹರಿಯಬಿಡಿ. ಸಣ್ಣ ತಿರುಪು ಮೋರಿಗೆ ಬೀಳದಂತೆ ಜಾಲಿಗೆ ಬಟ್ಟೆ ಮುಚ್ಚಿ. ಪಾನಾದಿಂದ ತಲೆಭಾಗ ಬಿಚ್ಚಿದರೆ ತುದಿಯಲ್ಲಿ ಸವೆದ ವಾಶರ್ ಕಾಣುತ್ತದೆ. ಅರ್ಧ ಸುತ್ತಿಗೇ ತೆರೆಯುವ ಹೊಸ ನಳಗಳಲ್ಲಿ ಒಳಗಿನ ಬಿಡಿಭಾಗವನ್ನೇ ಬದಲಿಸಬೇಕು. ಹಳೆಯದನ್ನು ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿ. ನಳ ಗೋಡೆಗೆ ಕೂಡುವಲ್ಲಿ ಜಿನುಗಿದರೆ ಬಿಚ್ಚಿ, ಚೂಡಿಯ ತುದಿ ನಿಮ್ಮ ಕಡೆ ಇರುವಂತೆ ಹಿಡಿದು, ಗಡಿಯಾರದ ಮುಳ್ಳಿನ ದಿಕ್ಕಿಗೆ ಟೆಫ್ಲಾನ್ ಟೇಪನ್ನು ಎಂಟು ಹತ್ತು ಸುತ್ತು ಸುತ್ತಿ ಕೂಡಿಸಿ.

ಶವರ್ ನಿಲ್ಲಿಸಿದ ಮೇಲೆ ಒಂದೆರಡು ನಿಮಿಷ ಹನಿ ಬೀಳುವುದು ರೋಗವಲ್ಲ, ಒಳಗೆ ಉಳಿದ ನೀರು ಅಷ್ಟೆ. ತಾಸುಗಟ್ಟಲೆ ಬಿದ್ದರೆ ದೋಷ ಕೆಳಗಿನ ನಳದಲ್ಲಿದೆ. ಶವರ್ ಬದಲಿಸಿ ದುಡ್ಡು ಕಳೆಯಬೇಡಿ. ಬೋರಿನ ಗಡಸು ನೀರಿನಿಂದ ಅದರ ತೂತುಗಳಿಗೆ ಬಿಳಿ ಉಪ್ಪು ಕಟ್ಟಿ, ನೀರು ಅಡ್ಡಾದಿಡ್ಡಿ ಚಿಮ್ಮಿ ಗೋಡೆ ತೋಯಿಸುತ್ತಿದ್ದರೆ ರಾತ್ರಿಯಿಡೀ ಸಿರ್ಕಾದಲ್ಲಿ ನೆನೆಸಿ, ಹಳೆಯ ಬ್ರಶ್‌ನಿಂದ ತಿಕ್ಕಿ. ಅಗ್ಗದ ಬಿಳಿ ಸಿರ್ಕಾ ಸಾಕು, ಜಾಮೂನಿನ ಸಿರ್ಕಾ ಊಟಕ್ಕಿರಲಿ.

ಗೀಸರ್ ಅಥವಾ ಸ್ವಿಚ್ ಬೋರ್ಡಿನ ಬಳಿ ಗೋಡೆ ಹಸಿಯಾಗಿದ್ದರೆ ನೀವು ಕೈ ಹಾಕಬೇಡಿ. ಒಣಗಿದ ಜಾಗದಲ್ಲಿ ನಿಂತು ಮೇನ್ ಆಫ್ ಮಾಡಿ, ಆ ಗೋಡೆ ಮುಟ್ಟದೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಗೋಡೆಯೊಳಗಿನ ಪೈಪು ಒಡೆದಿದ್ದರೂ ಪ್ಲಂಬರನೇ ಬೇಕು. ಆದರೆ ಎಲ್ಲಿ ಒಡೆಯಬೇಕೆಂದು ಈಗ ನೀವೇ ಹೇಳಬಲ್ಲಿರಿ.

ಪಾಯಖಾನೆಗೆ ಹೊಂದಿದ ಬಚ್ಚಲಾದರೆ ಜಾಲಿಯ ಸೋರಿಕೆ ಇನ್ನೂ ಗಂಭೀರ. ಮೋರಿಯ ಕೊಳಕು ನೀರು ಗೋಡೆ ದಾಟಿ ನಮಾಝಿನ ಕೋಣೆಯ ನೆಲಕ್ಕೆ ಬಂದರೆ ಅದು ತಹಾರತ್‌ನ ಪ್ರಶ್ನೆಯೂ ಹೌದು. ಒಂದೇ ಗೋಡೆ ಹಂಚಿಕೊಂಡ ಮೊಹಲ್ಲಾಗಳಲ್ಲಿ ನಮ್ಮ ಬಚ್ಚಲ ತೇವ ಕಾಣುವುದು ಪಕ್ಕದವರ ಮನೆಯಲ್ಲಿ. ಅವರು ಸಂಕೋಚದಿಂದ ಬಾಯಿ ಬಿಡದೆ ವರ್ಷಕ್ಕೊಮ್ಮೆ ಬಣ್ಣ ಹಚ್ಚಿಕೊಳ್ಳುತ್ತಿರಬಹುದು. ನೆರೆಯವರ ಹಕ್ಕಿನ ಬಗ್ಗೆ ಖುತ್ಬಾ ಕೇಳುವ ನಾವು ಒಮ್ಮೆ ಹೋಗಿ ಗೋಡೆ ನೋಡಿ ಬರಬಹುದಲ್ಲವೇ?

ಸೋರಿಕೆ ನಿಂತ ಮೇಲೆ ಬೂಷ್ಟನ್ನು ಒಣ ಬ್ರಶ್‌ನಿಂದ ಉಜ್ಜಬೇಡಿ, ಅದು ಹಾರಿ ಎದೆಗೆ ಸೇರುತ್ತದೆ. ಮೂಗು, ಬಾಯಿಗೆ ಬಟ್ಟೆ ಕಟ್ಟಿ, ಕಿಟಕಿ ತೆರೆದು, ಸಾಬೂನು ನೀರಿನ ಒದ್ದೆ ಬಟ್ಟೆಯಿಂದ ಒರೆಸಿ. ದಮ್ಮು ಇರುವವರು ಈ ಕೆಲಸಕ್ಕೆ ಬೇಡ. ಬ್ಲೀಚಿಂಗ್ ಪುಡಿ ಮತ್ತು ಆಸಿಡ್ ಒಟ್ಟಿಗೆ ಎಂದೂ ಹಾಕಬೇಡಿ, ಹೊರಡುವ ವಿಷಗಾಳಿ ಶ್ವಾಸಕೋಶವನ್ನೇ ಸುಡುತ್ತದೆ.

ಗೋಡೆ ಒಣಗಲು ವಾರಗಳೇ ಹಿಡಿಯುತ್ತವೆ. ಬಣ್ಣಕ್ಕೆ ಅವಸರ ಬೇಡ. ಅಂಗೈಯಗಲ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ಬೆವರಿನಂತೆ ಹನಿಯಿದ್ದರೆ ಗೋಡೆ ಇನ್ನೂ ಹಸಿಯಿದೆ. ಅಲ್ಲಿಯವರೆಗೆ ಮಗುವಿನ ಹಾಸಿಗೆ ಬೇರೆ ಗೋಡೆಯ ಬದಿಗಿರಲಿ.