ಎತ್ತರಿಸಿದ ಜೀಪಿನ ಸದ್ದು: ಬಿಡಿಭಾಗ ಬದಲಿಸುವ ಮೊದಲು

ಪ್ರಶ್ನೆ: ಹಿಂದೆ ಲೀಫ್ ಸ್ಪ್ರಿಂಗ್ ಇರುವ ನನ್ನ ಹಳೆಯ ಥಾರ್ ಜೀಪನ್ನು ಎರಡು ಇಂಚು ಎತ್ತರಿಸಿದ್ದೇನೆ. ಈಗ ಹಂಪ್ ದಾಟುವಾಗ ಹಿಂದಿನಿಂದ ಠಕ್ ಎನ್ನುತ್ತದೆ, ನಿಧಾನ ಹೋದರೆ ಕಿರುಗುಟ್ಟುತ್ತದೆ. ಶಾಕ್ ಅಬ್ಸಾರ್ಬರ್ ಬದಲಿಸಬೇಕೇ?
– ಓದುಗರು, ಧಾರವಾಡ

ಉತ್ತರ: ಈಗಲೇ ಬೇಡ. ಎತ್ತರಿಸಿದ ಮೇಲೆಯೇ ಸದ್ದು ಶುರುವಾಗಿರುವುದರಿಂದ ಸವೆತಕ್ಕಿಂತ ಜೋಡಣೆಯನ್ನೇ ಮೊದಲು ಅನುಮಾನಿಸಬೇಕು. ಠಕ್ ಸದ್ದಿಗೆ, ಲೀಫ್‌ಗಳನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ನೋಡಿಸಿ. ಎತ್ತರಿಸಲು ಹಾಕಿದ ಹೊಸ ಲೀಫ್‌ಗಳು ಒತ್ತಿ ಕೂತಂತೆ ಅವು ಸಡಿಲಾಗುತ್ತವೆ, ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಸಬೇಕು. ಬೋಲ್ಟ್ ಬಿಗಿಯಿದ್ದೂ, ಗಾಲಿ ಹಂಪಿನಿಂದ ಕೆಳಗಿಳಿಯುವಾಗಲೇ ಸದ್ದು ಬಂದರೆ, ಶಾಕ್ ಅಬ್ಸಾರ್ಬರ್ ಹೊಸ ಎತ್ತರಕ್ಕೆ ಗಿಡ್ಡವಾಗಿರಬಹುದು. ಆಗ ಮಾತ್ರ ಉದ್ದದ್ದು ಹಾಕಿಸಿ. ಕಿರುಗುಟ್ಟುವಿಕೆಗೆ ಲೀಫ್ ಸ್ಪ್ರಿಂಗ್ ತುದಿಯ ರಬ್ಬರ್ ಬುಷ್ ನೋಡಿಸಿ. ಗಾಲಿ ನೇತಾಡುವಾಗ ಬಿಗಿಸಿದ್ದರೆ ರಬ್ಬರ್ ತಿರುಚಿಕೊಂಡಿರುತ್ತದೆ. ಮೆಕ್ಯಾನಿಕ್ ಗಾಡಿಯನ್ನು ನೆಲಕ್ಕಿಳಿಸಿ, ಬುಷ್‌ನ ಬೋಲ್ಟ್ ಸಡಿಲಿಸಿ, ಭಾರ ಕೂತ ಮೇಲೆ ಬಿಗಿಸಲಿ.

‘ಓಡಿಸುತ್ತ ಹೋದರೆ ಸದ್ದು ತಾನೇ ನಿಲ್ಲುತ್ತದೆ’ ಎಂದು ಗ್ಯಾರೇಜಿನವರು ಹೇಳಬಹುದು. ಹೊಸ ಲೀಫ್‌ಗಳ ಸಣ್ಣ ಉಜ್ಜಾಟದ ಮಟ್ಟಿಗೆ ಅದು ನಿಜ, ಠಕ್ ಸದ್ದಿಗೆ ಅಲ್ಲ: ಯು-ಬೋಲ್ಟ್ ಸಡಿಲಿದ್ದರೆ ಲೀಫ್‌ಗಳನ್ನು ಜೋಡಿಸಿರುವ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಜಾಗ ಬಿಟ್ಟು ಸರಿಯಬಹುದು. ಬುಷ್‌ಗೆ ಸಾಮಾನ್ಯ ಗ್ರೀಸ್ ಬಳಿದರೆ ಕಿರುಗುಟ್ಟುವಿಕೆ ಅಡಗಬಹುದು, ಆದರೆ ರಬ್ಬರ್ ಹಾಳಾಗುತ್ತದೆ. ವೇಗದೊಂದಿಗೆ ನಡುಕ ಏರಿದರೆ, ಸ್ಟೀರಿಂಗ್ ತಿರುಗಿಸಿದಾಗ ಕಟಕಟ ಎಂದರೆ, ಗಾಡಿ ಒಂದು ಕಡೆಗೆ ಎಳೆದರೆ ತಡಮಾಡದೆ ಅನುಭವಿ ಸಸ್ಪೆನ್ಶನ್ ಮೆಕ್ಯಾನಿಕ್‌ಗೆ ತೋರಿಸಿ. ಅಲ್ಲಿಯವರೆಗೆ ಅರಬೈಲ್‌ನಂಥ ಘಟ್ಟ ಇಳಿಯಬೇಡಿ. ಗಾಡಿ ಎತ್ತರಿಸಿರುವುದರಿಂದ ವ್ಹೀಲ್ ಅಲೈನ್‌ಮೆಂಟನ್ನೂ ಮಾಡಿಸಿ. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಮಾರ್ಪಾಡಿಗೆ ಮಿತಿ ಹಾಕಿರುವುದರಿಂದ ಆರ್‌ಟಿಒ ಕಚೇರಿಯಲ್ಲೂ ವಿಚಾರಿಸಿ.