ಹಳೆಯ ಕೋಳಿಯ ಗೂಡಿಗೆ ಎಳೆಯ ಹ್ಯಾಟೆಗಳು

ಕೋಳಿಗಳಲ್ಲಿ ಯಾರು ಮೊದಲು ಮೇಯಬೇಕು, ಯಾರು ಎಲ್ಲಿ ಮಲಗಬೇಕು ಎಂಬುದು ಕೊಕ್ಕಿನೇಟಿನಿಂದಲೇ ತೀರ್ಮಾನವಾಗುತ್ತದೆ. ನಾರ್ವೆಯ ಪ್ರಾಣಿಶಾಸ್ತ್ರಜ್ಞ ಷೆಲ್ಡರುಪ್-ಎಬ್ಬೆ 1920ರ ದಶಕದಲ್ಲಿ ಈ ಶ್ರೇಣಿಯನ್ನು ವಿವರಿಸಿದರು. ಹೊಸಬರು ಬಂದಾಗ ಹಳೆಯ ಕೋಳಿ ಎರಗುವುದು ಈ ಕಾರಣಕ್ಕೇ, ಅದು ಕೆಟ್ಟತನವಲ್ಲ.

ಬೆಂಗಳೂರಿನ ಚಾಮರಾಜಪೇಟೆಯ ಹಳೆಯ ಮನೆಗಳ ಕಿರಿದಾದ ಹಿತ್ತಲಲ್ಲಿ ಓಡಿ ತಪ್ಪಿಸಿಕೊಳ್ಳಲು ಜಾಗವಿಲ್ಲ. ಹಾಗಾಗಿ ಅವಸರ ಸಲ್ಲದು. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ತಳಿಯ ಮರಿಗಳಾಗಲಿ, ನಾಟಿಯಾಗಲಿ, ಮೈಗಾತ್ರ ಹಳೆಯ ಕೋಳಿಗೆ ಹತ್ತಿರವಾಗುವವರೆಗೆ ಬೇರೆ ಇರಬೇಕು. ಕೊಕ್ಕರೆ ರೋಗದ ಲಸಿಕೆ ಮುಗಿದಿರಬೇಕು. ಸಂತೆಯಿಂದ ತಂದವನ್ನು ಕನಿಷ್ಠ ಎರಡು ವಾರ ದೂರವೇ ಇಡಬೇಕು. ಒಂಟಿ ಮರಿಯನ್ನು ಎಂದೂ ಬಿಡಬಾರದು. ಏಟೆಲ್ಲ ಅದೊಂದಕ್ಕೇ ಬೀಳುತ್ತದೆ.

ಬಳಿಕ ಒಂದು ವಾರ ನಡುವೆ ತಂತಿಬಲೆ ಕಟ್ಟಿ, ಪರಸ್ಪರ ಕಾಣುವಂತೆ ಸಾಕಬೇಕು. ಈ ವಾರವನ್ನು ಉಳಿಸಲು ಹೋದವರೇ ಹೆಚ್ಚಾಗಿ ಮರಿ ಕಳೆದುಕೊಳ್ಳುತ್ತಾರೆ. ಆಮೇಲೆ ಕತ್ತಲಾದ ಮೇಲೆ ಎಳೆಯವನ್ನು ಮಲಗುವ ಕೋಲಿನ ಮೇಲೆ ಮೆಲ್ಲಗೆ ಕೂರಿಸಬೇಕು. ಇರುಳಲ್ಲಿ ಕೋಳಿಗೆ ಕಣ್ಣು ಮಂದ, ಜಗಳವಾಡದು. ಒಂದೊಂದಕ್ಕೂ ಸುಮಾರು 20 ಸೆಂ.ಮೀ. ಜಾಗ ಬೇಕು. ಬೆಳಗ್ಗೆ ಬೇಗನೆ ಹೋಗಿ ನೋಡಬೇಕು. ಜಗಳ ಏಳುವುದು ಆಗಲೇ.

ಮೇವು, ನೀರು ಎರಡು ಕಡೆ ಇರಲಿ. ಮೊಟ್ಟೆಕೋಳಿಯ ಆಹಾರದಲ್ಲಿ ಸುಣ್ಣದಂಶ ಹೆಚ್ಚು, ಎಳೆಯವುಗಳ ಮೂತ್ರಪಿಂಡಕ್ಕೆ ಹಾನಿ. ಎಲ್ಲಕ್ಕೂ ಬೆಳೆಯುವ ಕೋಳಿಯ ಆಹಾರ ಕೊಟ್ಟು, ಮೊಟ್ಟೆಯಿಡುವವಕ್ಕೆ ಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿಡುವುದು ಲೇಸು. ರಕ್ತ ಕಂಡರೆ ಗಾಯಗೊಂಡದ್ದನ್ನು ತಕ್ಷಣ ಬೇರ್ಪಡಿಸಿ. ಉಳಿದವು ಅದೇ ಗಾಯವನ್ನು ಕುಕ್ಕುತ್ತವೆ.